ನದಿ ದಂಡೆಯ ನಾಲ್ಕು ಸೈಟು

ಅರಕಲಗೂಡಿನ ಪೇಟೆ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಪ್ರೇಮಕುಮಾರಿಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಇಪ್ಪತ್ತೆರಡು ವರ್ಷ ಅಲ್ಲಿ ಬೆಳಗ್ಗೆ ಆರೂವರೆಗೆ ಶುರುವಾದ ಟಕಟಕ ಸದ್ದು ಕತ್ತಲಾಗುವ ತನಕ ನಿಂತದ್ದಿಲ್ಲ. ತಾಲೂಕು ಕಚೇರಿಯ ಗುಮಾಸ್ತರು, ಕೋರ್ಟಿನ ಬೆರಳಚ್ಚುಗಾರರು, ಹಾಸನದ ಆಫೀಸುಗಳಲ್ಲಿ ಕೆಲಸ ಹಿಡಿದವರು, ಇವರಲ್ಲಿ ಎಷ್ಟೋ ಜನ ಅವಳ ಕೈಯಲ್ಲಿ ಗೆಣ್ಣಿಗೆ ಪೆಟ್ಟು ತಿಂದು ಕಲಿತವರೇ. ಮದುವೆ ಯಾಕಾಗಲಿಲ್ಲ ಅಂತ ಊರು ಕೇಳುವಷ್ಟು ದಿನ ಕೇಳಿ, ಸುಸ್ತಾಗಿ ಬಿಟ್ಟಿತ್ತು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ‘ಮಿಸ್’ ಅಂತಲೇ ಕರೆಯುತ್ತಿದ್ದರು.

ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಟೈಪಿಂಗ್ ಕಲಿಯುವವರು ಒಂಬತ್ತೇ ಜನ ಉಳಿದಿದ್ದರು. ಪ್ರೇಮಕುಮಾರಿ ಹತ್ತು ಮೆಷಿನ್ ಮಾರಿ, ನಾಲ್ಕು ಕಂಪ್ಯೂಟರ್ ತಂದು, ಫೋನಿನ ಲೈನಿಗೆ ಇಂಟರ್‌ನೆಟ್ ಹಾಕಿಸಿದಳು. ಬೋರ್ಡಿನಲ್ಲಿ ಟೈಪಿಂಗ್ ಅನ್ನುವುದರ ಮುಂದೆ ‘ಮತ್ತು ಬ್ರೌಸಿಂಗ್’ ಅಂತ ಬರೆಸಿದಳು. ಆದರೂ ಹುಡುಗರೆಲ್ಲ ಎದುರಿನ ಬ್ರೌಸಿಂಗ್ ಸೆಂಟರಿಗೇ ಹೋಗುತ್ತಿದ್ದರು. ಅಲ್ಲಿ ಬಂದೂಕಿನ ಆಟವಿತ್ತು. ಅದರ ಡಬಡಬ ಬೀದಿಗೆಲ್ಲ ಕೇಳುತ್ತಿತ್ತು.

ಸೀನಿಯರ್ ಗ್ರೇಡ್ ಪಾಸಾಗಿದ್ದ, ಬಿ.ಎ. ಕೊನೇ ವರ್ಷದ ಮೋಹನ್‌ಕುಮಾರ್ ಒಂದು ದಿನ ಧೈರ್ಯ ಮಾಡಿ ಕೇಳಿದ. “ಮಿಸ್, ನಾವೂ ಒಂದು ಆಟ ಆಕ್ಸುವ. ಇಲ್ದಿದ್ರೆ ಯಾರೂ ಮಹಡಿ ಅತ್ತಕಿಲ್ಲ.”

“ಗುಂಡು ಹೊಡೆಯೋ ಆಟ ನನ್ನ ಇನ್‌ಸ್ಟಿಟ್ಯೂಟಲ್ಲಿ ಬೇಡ.”

“ಬ್ಯಾರೆ ತರದ್ದೂ ಅವೆ ಮಿಸ್. ಇಂಟರ್‌ನೆಟ್ಟಲ್ಲೇ ಒಂದು ಊರಿರ್ತದೆ. ಯಾವ್ಯಾವ ದೇಶದೋರೋ ಬತ್ತಾರೆ. ಒಬ್ಬ ಬಟ್ಟೆ ನೇಯ್ತಾನೆ, ಇನ್ನೊಬ್ಬ ಮರಗೆಲ್ಸ ಮಾಡ್ತಾನೆ. ಮಾಡಿದ್ನ ಸಂತೇಲಿ ಮಾರ್ಕಂಡು, ಸೈಟ್ ತಗಂಡು ಮನೆ ಕಟ್ಕತಾರೆ.”

“ಆಮೇಲೆ? ಗೆಲ್ಲೋದು ಯಾವಾಗ?”

“ಗೆಲ್ಲೋದೇನಿಲ್ಲ ಮಿಸ್. ಅಲ್ಲಿ ಇರೋದೇಯ.”

ಆ ಉತ್ತರ ಪ್ರೇಮಕುಮಾರಿಗೆ ಯಾಕೋ ಹಿಡಿಸಿತು. ಕನ್ನಡಕ ಮೇಲೇರಿಸಿಕೊಂಡು, “ಒಂದೇ ಹೆಸರು ಹಿಡ್ಕೊಂಡು ಬರಬೇಡ. ಮೂರ್ನಾಲ್ಕು ತಾ. ನೋಡಿ ಆರಿಸ್ತೀನಿ,” ಅಂದಳು.

ಮೋಹನ್ ಹಾಸನದ ಗೆಳೆಯನ ಹತ್ತಿರ ಮೂರು ಆಟಗಳನ್ನು ಸಿ.ಡಿ.ಗೆ ಹಾಕಿಸಿಕೊಂಡು ಬಂದ. ಪ್ರೇಮಕುಮಾರಿ ಒಂದೊಂದಕ್ಕೂ ಒಂದು ವಾರ ಕೊಟ್ಟಳು. ಮಧ್ಯಾಹ್ನ ಊಟವಾದ ಮೇಲೆ ಗಿರಾಕಿಗಳಿಲ್ಲದ ಎರಡು ಗಂಟೆ, ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ನೆಟ್ಟಗೆ ಕೂತು ಆಡುವಳು. ಪಕ್ಕದಲ್ಲಿ ನೋಟ್‌ಬುಕ್ಕು. ಏನೇನು ತಯಾರು ಮಾಡಬಹುದು, ಹೇಗೆ ಮಾರಬೇಕು, ಮನೆ ಹೇಗೆ ಸಿಗುತ್ತದೆ ಎಂಬುದನ್ನೆಲ್ಲ ಅದರಲ್ಲಿ ಬರೆದುಕೊಳ್ಳುವಳು. ಕೊನೆಗೆ ಕೆಂಪು ಇಂಕಿನಲ್ಲಿ ಒಂದೇ ಪ್ರಶ್ನೆ: ಬೆರಳಿಗೆ ಏನು ಕೆಲಸ?

ಮೊದಲ ಆಟದಲ್ಲಿ ಸುತ್ತಿಗೆಯ ಚಿತ್ರದ ಮೇಲೆ ಮೌಸ್ ಒತ್ತಿದರೆ ಚಾಕು ಸಿದ್ಧ. ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಮೂರು ದಿನ ಒತ್ತಿ ನಾನೂರು ಚಾಕು ಮಾಡಿ ಅವಳು ಎದ್ದಳು. “ಇದು ಒಂದು ಬೆರಳಿನ ಕೆಲಸ,” ಅಂತ ಬರೆದು ಗೀಟು ಎಳೆದಳು.

ಎರಡನೆಯದು ಕಣ್ಣಿಗೆ ಹಬ್ಬ. ಮನೆಗಳಿಗೆ ಗೋಪುರ, ಕಾರಂಜಿ, ಬಾಗಿಲಲ್ಲಿ ನವಿಲು. ಆದರೆ ಸಂತೆಯೇ ಇಲ್ಲ. ಮಾರುವ ಸಾಮಾನನ್ನು ಒಂದು ಪೆಟ್ಟಿಗೆಗೆ ಹಾಕಿದರೆ ಯಾರೋ ತೆಗೆದುಕೊಂಡು ಹೋಗುತ್ತಿದ್ದರು. ಕೊಂಡವರು ಯಾರು, ಯಾವ ಊರಿನವರು, ಚೆನ್ನಾಗಿದೆ ಅಂದರೋ ಇಲ್ಲವೋ, ಒಂದೂ ಗೊತ್ತಾಗದು. ವಾರವೆಲ್ಲ ಆಡಿದರೂ ಒಂದು ನರಪಿಳ್ಳೆಯ ಹತ್ತಿರ ಮಾತಾಡಿದ ಹಾಗಾಗಲಿಲ್ಲ.

ಮೂರನೆಯ ಆಟದ ಹೆಸರು ಓಲ್ಡ್ ಫೆರಿ. ಅದರ ಜನ ಮರದ ಗೊಂಬೆಗಳ ಹಾಗೆ ಸೆಟೆದುಕೊಂಡು ನಡೆಯುತ್ತಿದ್ದರು. ಮರಗಳೂ ಅಷ್ಟೇ, ಹಸಿರು ಡಬ್ಬಗಳು. ಆದರೆ ಅಲ್ಲೊಂದು ಸಂತೆ ಇತ್ತು. ಮಾರುವವರು ಅಲ್ಲಿ ನಿಂತು ತಮ್ಮ ಮಾಲಿನ ಗುಣವನ್ನು ಟೈಪ್ ಮಾಡಿ ಕೂಗಬೇಕು, ಕೊಳ್ಳುವವರು ಟೈಪ್ ಮಾಡಿಯೇ ಚೌಕಾಸಿ ಮಾಡಬೇಕು. ಪ್ರೇಮಕುಮಾರಿ ಬಣ್ಣಗಾರ್ತಿಯ ಕಸುಬು ಹಿಡಿದಳು. ಯಾವ ಬೇರು ಎಷ್ಟು, ಸುಣ್ಣ ಎಷ್ಟು, ಎಷ್ಟು ಹೊತ್ತು ನೆನೆಸಬೇಕು ಅಂತ ಅಳತೆ ಬರೆದು ಬಟ್ಟೆಗೆ ಬಣ್ಣ ಕಟ್ಟುವುದು. ಹನ್ನೊಂದು ಸಲ ಕೆಸರಿನ ಬಣ್ಣ ಬಂತು. ಹನ್ನೆರಡನೇ ಸಲಕ್ಕೆ ಬಂದ ನೀಲಿಯನ್ನು ನೋಡಿ ಅವಳು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಬಟ್ಟೆಯ ಅಂಚಿನಲ್ಲಿ ಮಾಡಿದವರ ಹೆಸರು ತಾನಾಗಿ ಮೂಡಿತ್ತು: ಪ್ರೇಮ, ಅರಕಲಗೂಡು.

ಆ ನೀಲಿಗೆ ಮೊದಲ ಗಿರಾಕಿ ಬ್ರೆಜಿಲ್ಲಿನ ಒಬ್ಬ ಹೆಂಗಸು. ಅವಳು ಇಂಗ್ಲಿಷಿನಲ್ಲಿ ಒಂದು ಸಾಲು ಕುಟ್ಟುವಷ್ಟರಲ್ಲಿ ಪ್ರೇಮಕುಮಾರಿ ಬೆಲೆ ಹೇಳಿ, ಬಣ್ಣ ಯಾಕೆ ಬಿಡುವುದಿಲ್ಲ ಅಂತ ವಿವರಿಸಿ, ಎರಡು ತುಂಡು ಕೊಂಡರೆ ಇಳಿಸುವ ಮಾತನ್ನೂ ಆಡಿ ಮುಗಿಸಿದ್ದಳು. ಒಂದೇ ಒಂದು ಕಾಗುಣಿತದ ತಪ್ಪಿಲ್ಲ.

“ನೀನು ಮನುಷ್ಯಳೋ, ಯಂತ್ರವೋ?” ಅಂತ ಆ ಹೆಂಗಸು ಕೇಳಿದಳು.

“ಮೇಷ್ಟ್ರು,” ಅಂತ ಪ್ರೇಮಕುಮಾರಿ ಉತ್ತರ ಕೊಟ್ಟಳು.

ಅವತ್ತೇ ಸಂಜೆ ತೀರ್ಮಾನ ಹೊರಬಿತ್ತು. ಮೋಹನ್ ಮುಖ ಸಣ್ಣ ಮಾಡಿಕೊಂಡ. “ಚಿತ್ರ ಬಲೇ ಡಲ್ಲು ಮಿಸ್.”

“ಚಿತ್ರ ನೋಡೋಕೆ ಟಾಕೀಸಿದೆ. ಇಲ್ಲಿ ಆಡೋದು ಇದನ್ನೇ.” ಜೊತೆಗೊಂದು ಕಟ್ಟಳೆ. ಒಂದು ಗಂಟೆ ಆಡಬೇಕಾದರೆ ಮೊದಲು ಅರ್ಧ ಗಂಟೆ ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿಕೊಂಡು ಟೈಪ್ ಮಾಡಬೇಕು.

ಹೊಸ ಆಟ ನೋಡಲು ಬಂದ ಹುಡುಗರು ಗೊಣಗುತ್ತ ಎದುರಿನ ಸೆಂಟರಿಗೇ ವಾಪಸ್ಸು ಹೋದರು. ಉಳಿದವರು ಮೂವರು. ಒಬ್ಬ ಮೋಹನ್, ಆಟದಲ್ಲಿ ಬಡಗಿಯಾದ. ಎರಡನೆಯವಳು ವಕೀಲರ ಆಫೀಸಿನಲ್ಲಿ ನಕಲು ತೆಗೆಯುವ ರೂಪಶ್ರೀ. ಅವಳು ನೇಯ್ಗೆ ಹಿಡಿದಳು. ಮೂರನೆಯವನು ಐವತ್ತು ದಾಟಿದ ಚನ್ನಪ್ಪ, ಸಹಕಾರ ಸಂಘದ ಗುಮಾಸ್ತ. ಸಂಘಕ್ಕೆ ಕಂಪ್ಯೂಟರ್ ಬರುತ್ತದೆ ಅಂದಿದ್ದಕ್ಕೆ ಹೆದರಿಕೊಂಡು ಟೈಪಿಂಗ್ ಕಲಿಯಲು ಸೇರಿದ್ದವನು. ಆಟದೊಳಗೆ ಅವನದು ಮೀನು ಹಿಡಿಯುವ ಕೆಲಸ. “ಮನೇಲಿ ಹೇಳ್ಬೇಡಿ ಮಿಸ್, ನಾವು ಮೀನು ಮುಟ್ಟಕಿಲ್ಲ,” ಅಂತ ಅವನು ಮೊದಲ ದಿನವೇ ಬೇಡಿಕೊಂಡಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದೇ ಬೆರಳಲ್ಲಿ ಒತ್ತುತ್ತಿದ್ದ ಚನ್ನಪ್ಪನೂ ನಿಮಿಷಕ್ಕೆ ನಲವತ್ತು ಪದ ಕುಟ್ಟುತ್ತಿದ್ದ.

ನವೆಂಬರಿನಲ್ಲಿ ಓಲ್ಡ್ ಫೆರಿಯ ಸಂತೆ ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ದರು. ನದಿ ದಂಡೆಯಲ್ಲಿ ಹೊಸ ಬೀದಿ, ಹನ್ನೆರಡು ಸೈಟು. ಮುಂದಿನ ಶನಿವಾರ, ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕಕ್ಕೆ, ಜಮೀನಿನ ಗುಮಾಸ್ತನ ಮುಂದೆ ಒಂದು ಕ್ರಯಪತ್ರ ಕಾಣಿಸುತ್ತದೆ. ಅದನ್ನು ಅಕ್ಷರ ಬಿಡದೆ ಟೈಪ್ ಮಾಡಿ ಮುಗಿಸಿದವರಿಗೆ ಮುಗಿಸಿದ ಸರದಿಯಲ್ಲೇ ಸೈಟು. ಒಂದಕ್ಷರ ತಪ್ಪಿದರೂ ಮೊದಲಿಂದ ಬರೆಯಬೇಕು. ತಾನಾಗಿ ಆಡುವ ಪ್ರೋಗ್ರಾಂ ಬಿಟ್ಟುಕೊಂಡು ಸೈಟು ಹೊಡೆಯುವವರನ್ನು ತಡೆಯಲು ಆಟದವರು ಮಾಡಿದ ಉಪಾಯ ಅದು.

ನೋಟೀಸು ಓದಿ ಪ್ರೇಮಕುಮಾರಿ ಗಟ್ಟಿಯಾಗಿ ನಕ್ಕಳು. ಮಿಸ್ ನಕ್ಕದ್ದನ್ನು ಮೂವರೂ ಅದೇ ಮೊದಲು ನೋಡಿದ್ದು.

ಶನಿವಾರ ಮೂರೂವರೆಗೆ ಅವಳ ಅಣ್ಣ ನಂಜಯ್ಯ ಗೊಬ್ಬರ ಕೊಳ್ಳಲು ಪೇಟೆಗೆ ಬಂದವನು ಮೆಟ್ಟಿಲು ಹತ್ತಿ ಬಂದ. ಮುಖ ಬಿಗಿದಿತ್ತು. “ಪ್ರೇಮಾ, ಪ್ಯಾಟೇಲೆಲ್ಲ ಏನೋ ಅಂತಾವ್ರೆ. ಮಿಸ್ಸು ಕೂತ್ಕಂಡು ಆಟ ಆಡ್ತದೆ ಅಂತ. ಸಾಕು ಬುಡವ್ವ. ಇದ್ನೆಲ್ಲ ಮಾರ್ಬುಟ್ಟು ಮನೇಗ್ ಬಂದ್ಬುಡು. ಅನ್ನಕ್ಕೇನ್ ಕಮ್ಮಿ ಆಗೈತೆ?”

“ಅಣ್ಣಯ್ಯ, ಅರ್ಧ ಗಂಟೆ ಆ ಬೆಂಚಲ್ಲಿ ಕೂತ್ಕೋ. ಆಮೇಲೆ ಮಾತಾಡಣ.” ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು. ನಂಜಯ್ಯ ಕೂತ.

ನಾಲ್ಕಕ್ಕೆ ಎಂಟು ನಿಮಿಷವಿರುವಾಗ ಕರೆಂಟು ಹೋಯಿತು. ಯುಪಿಎಸ್ ಕೀಂಯ್ ಅನ್ನತೊಡಗಿತು. “ಎಷ್ಟೊತ್ತು ಬರ್ತದೆ?” ಅಂತ ರೂಪಶ್ರೀ ಕೇಳಿದಳು. “ಇಪ್ಪತ್ತು ನಿಮಿಷ. ಕಾಯೋಕೆ ಎಂಟು ಹೋದರೂ ಹನ್ನೆರಡು ಉಳಿಯುತ್ತೆ, ಸಾಕು. ಬೆನ್ನು ನೆಟ್ಟಗೆ! ಚನ್ನಪ್ಪನವರೇ, ಮಣಿಕಟ್ಟು ಮೇಲೆ!”

ನಾಲ್ಕಕ್ಕೆ ಸರಿಯಾಗಿ ಪತ್ರ ತೆರೆದುಕೊಂಡಿತು. ಹಳೇ ಕಾಲದ ಇಂಗ್ಲಿಷು, ಇನ್ನೂರ ಅರವತ್ತು ಪದ. ಮೊದಲ ಸಾಲು ನೋಡುತ್ತಲೇ ಪ್ರೇಮಕುಮಾರಿಯ ಭುಜ ಸಡಿಲವಾಯಿತು. ಸಬ್‌ರಿಜಿಸ್ಟ್ರಾರ್ ಆಫೀಸಿನ ಪತ್ರಬರಹಗಾರರು ಕಳಿಸಿದ ಕ್ರಯಪತ್ರಗಳನ್ನು ಛಾಪಾ ಕಾಗದದ ಮೇಲೆ ಅವಳು ಎಷ್ಟು ಸಾವಿರ ಹೊಡೆದಿದ್ದಳೋ. ಇಲ್ಲಿಯೂ ಅದೇ ವರಸೆ. ಕೊಟ್ಟವರು, ಕೊಂಡವರು, ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ನದಿ, ಪಶ್ಚಿಮಕ್ಕೆ ಬೀದಿ, ಉತ್ತರಕ್ಕೂ ದಕ್ಷಿಣಕ್ಕೂ ಪಕ್ಕದವರ ಸೈಟು. ಛಾಪಾ ಕಾಗದದಲ್ಲಿ ಅಳಿಸಿ ತಿದ್ದುವ ಹಾಗಿಲ್ಲ. ಆ ಕಾಗದವೇ ಕಲಿಸಿದ ಎಚ್ಚರ ಅವಳ ಹತ್ತು ಬೆರಳಲ್ಲೂ ಇತ್ತು. ಕಣ್ಣು ಪರದೆಯ ಮೇಲೆ, ಬೆರಳು ತಮ್ಮ ಪಾಡಿಗೆ ತಾವು. ಮೂರು ನಿಮಿಷ ನಲವತ್ತು ಸೆಕೆಂಡಿಗೆ ಗುಮಾಸ್ತ ಮುದ್ರೆ ಒತ್ತಿದ. ಮೊದಲ ಹೆಸರು ಅವಳದೇ.

ಅವಳು ಮೂಲೆ ಸೈಟು ಆರಿಸಿಕೊಂಡಳು. ಒಂದು ನಿಮಿಷದೊಳಗೆ ಮೋಹನ್ ಪಕ್ಕದ್ದು ಹಿಡಿದ. ಅದರ ಪಕ್ಕದ್ದು ರೂಪಶ್ರೀಗೆ. ಅಷ್ಟರಲ್ಲಿ ಚನ್ನಪ್ಪ “ಅಯ್ಯೋ!” ಅಂದ. ಚಕ್ಕುಬಂದಿಯಲ್ಲಿ ಒಂದಕ್ಷರ ತಪ್ಪಿತ್ತು. ಅವನು ಬರೆದದ್ದೆಲ್ಲ ಅಳಿಸಿಹೋಗಿತ್ತು.

“ಮತ್ತೆ ಹೊಡೀರಿ. ಗಾಬರಿ ಬೇಡ, ಜಾಗ ಇನ್ನೂ ಇದೆ.”

ಎಂಟನೇ ಸೈಟು ಹೋಯಿತು. ಒಂಬತ್ತು ಹೋಯಿತು. ಚನ್ನಪ್ಪನ ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು, ಆದರೆ ಬೆರಳು ತಾಳ ತಪ್ಪಲಿಲ್ಲ. ಹನ್ನೊಂದೂ ಹೋಯಿತು. ಹನ್ನೆರಡನೆಯದರ ಮೇಲೆ ಚನ್ನಪ್ಪನ ಹೆಸರು ಬಿತ್ತು, ಬೀದಿಯ ಆ ತುದಿಯಲ್ಲಿ. ಮೋಹನ್ ಕುರ್ಚಿ ಉರುಳಿಸಿಕೊಂಡು ಎದ್ದು ಕೂಗಿದ. ಚನ್ನಪ್ಪ ತನ್ನ ಕೈಗಳನ್ನೇ ನೋಡುತ್ತ ಕೂತ.

ಬೆಂಚಿನ ಮೇಲಿದ್ದ ನಂಜಯ್ಯ ಯಾವಾಗಲೋ ಎದ್ದು ತಂಗಿಯ ಕುರ್ಚಿಯ ಹಿಂದೆ ನಿಂತಿದ್ದ. ಪರದೆಯಲ್ಲಿ ಏನಾಯಿತೆಂದು ಅವನಿಗೆ ಪೂರ್ತಿ ಗೊತ್ತಾಗಿರಲಿಲ್ಲ. ಅವನು ನೋಡಿದ್ದು ಅವಳ ಕೈಗಳನ್ನು.

“ಇಪ್ಪತ್ತೆರಡ್ ವರ್ಸ ಆಯ್ತು ಕಣವ್ವ,” ಅಂದ ಮೆಲ್ಲಗೆ. “ನೀ ಟೈಪ್ ಒಡೆಯೋದ್ನ ನಾ ಒಂದ್ಸಲನೂ ನಿಂತ್ ನೋಡಿರ್ನಿಲ್ಲ.”

ಪ್ರೇಮಕುಮಾರಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

“ಎಷ್ಟು ಜನ ಇದ್ರು ಪೈಪೋಟೀಗೆ?”

ಮೋಹನ್ ಹೇಳಿದ. “ಆರ್ನೂರು ಜನಾ ದೊಡ್ಡಪ್ಪ. ಅಮೇರಿಕಾ, ಜಪಾನು, ಎಲ್ಲಾ ಕಡೆಯೋರೂವೆ. ಮಿಸ್ಸೇ ಫಸ್ಟು.”

“ಖಾತೆ ಯಾರ್ ಹೆಸ್ರಿಗಾಯ್ತು?”

“ನನ್ನ ಹೆಸರಿಗೇ ಅಣ್ಣಯ್ಯ,” ಅಂದಳು ಪ್ರೇಮಕುಮಾರಿ.

ನಂಜಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಇಳಿದು ಹೋದ. ಇನ್‌ಸ್ಟಿಟ್ಯೂಟ್ ಮಾರುವ ಮಾತು ಎತ್ತಲೇ ಇಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಔಷಧಿ ಅಂಗಡಿಯಿಂದ ಅವನ ದೊಡ್ಡ ಗಂಟಲು ಕಿಟಕಿಯಲ್ಲಿ ಕೇಳಿಸಿತು. “ಆಟ ಅಂತೀರಲ್ಲಾ, ಮೇಲತ್ತಿ ಓಗಿ ನೋಡ್ರಲಾ! ಆರ್ನೂರು ಜನದಾಗೆ ನಮ್ ಪ್ರೇಮಾನೇ ಮೊದ್ಲು! ಬೆರಳೇ ಕಾಣಕಿಲ್ಲ ಕಣ್ರಲಾ, ಅಂಗೆ ಓಡ್ತವೆ!” ಪ್ರೇಮಕುಮಾರಿ ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ಹಾಗೇ ನಿಂತು ಕೊನೆಯ ತನಕ ಕೇಳಿಸಿಕೊಂಡಳು.

ಚನ್ನಪ್ಪ ಒಬ್ಬನೇ ಬೀದಿಯ ಆ ತುದಿಯಲ್ಲಿ ಉಳಿಯುವುದು ಅವಳಿಗೆ ಸರಿಬರಲಿಲ್ಲ. ರೂಪಶ್ರೀಯ ಪಕ್ಕದ ಸೈಟು ಪೋಲೆಂಡಿನ ಒಬ್ಬ ಕಮ್ಮಾರನ ಪಾಲಾಗಿತ್ತು. ಪ್ರೇಮಕುಮಾರಿ ಅವನ ಜೊತೆ ಮೂರು ದಿನ ಚೌಕಾಸಿಗೆ ಕೂತಳು. ಅವನಿಗೆ ದುಡ್ಡು ಬೇಕಿರಲಿಲ್ಲ, ಆ ನೀಲಿ ಬಟ್ಟೆ ಬೇಕಿತ್ತು, ಮೂವತ್ತು ಥಾನು. ರೂಪಶ್ರೀ ವಾರವೆಲ್ಲ ನೇಯ್ದಳು, ಪ್ರೇಮಕುಮಾರಿ ಬಣ್ಣ ಕಟ್ಟಿದಳು. ಕಮ್ಮಾರ ಸೈಟು ಬದಲಾಯಿಸಿಕೊಂಡು ಆ ತುದಿಗೆ ಹೋದ. ಅರಕಲಗೂಡಿನವರು ನಾಲ್ವರೂ ಒಂದೇ ಸಾಲಿಗೆ ಬಂದರು.

ಸಂಕ್ರಾಂತಿಯ ಹೊತ್ತಿಗೆ ನಾಲ್ಕು ಮನೆ ಎದ್ದಿದ್ದವು. ಬಾಗಿಲುಗಳು ಮೋಹನನವು, ಪರದೆಗಳು ರೂಪಶ್ರೀಯವು. ಚನ್ನಪ್ಪ ನದಿಗೆ ಇಳಿಯಲು ತನ್ನ ಮನೆಯ ಹಿಂದೆ ಮೆಟ್ಟಿಲು ಕಟ್ಟಿಸಿಕೊಂಡ. ಎದುರಿನ ಸೆಂಟರಿನಿಂದ ಆರು ಜನ ಮಹಡಿ ಹತ್ತಿ ಬಂದು, ಮರುಮಾತಿಲ್ಲದೆ ಬಟ್ಟೆ ಮುಚ್ಚಿದ ಕೀಬೋರ್ಡಿನ ಮುಂದೆ ಕೂತರು.

ಒಂದು ಮಧ್ಯಾಹ್ನ ಆ ಪೋಲೆಂಡಿನ ಕಮ್ಮಾರ ಬಂದು ಮೂಲೆ ಮನೆಯ ಮುಂದೆ ನಿಂತ. ಬೀದಿ ಬಾಯಿಗೆ ಕಬ್ಬಿಣದ ಹೆಸರುಫಲಕ ಮಾಡಿಕೊಡುತ್ತೇನೆ, ಉಡುಗೊರೆ, ಏನಂತ ಬರೆಯಲಿ ಅಂತ ಕೇಳಿದ. ಪ್ರೇಮಕುಮಾರಿ ಊರ ಹೆಸರು ಹೇಳಿದಳು. ಅವನು ಟೈಪ್ ಮಾಡಿ ತೋರಿಸಿದ. ‘ಅರ್ಗಲ್ಕುಡ್’ ಅಂತಿತ್ತು.

“ತಪ್ಪು. ಮತ್ತೆ ಹೊಡಿ,” ಅಂತ ಅವಳು ಬರೆದಳು.

ಎರಡನೇ ಸಲ ಒಂದಕ್ಷರ ಹೆಚ್ಚಾಯಿತು. ಮೂರನೇ ಸಲ ಒಂದು ಬಿಟ್ಟುಹೋಯಿತು. ಹಿಂದೆ ನಿಂತಿದ್ದ ಮೋಹನ್, “ಓಗ್ಲಿ ಬುಡಿ ಮಿಸ್, ಪುಗಸಟ್ಟೆ ಮಾಡ್ಕೊಡ್ತಾವ್ನೆ,” ಅಂದ.

ಪ್ರೇಮಕುಮಾರಿ ತಿರುಗಿಯೂ ನೋಡಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಬರೆದು, ಹತ್ತು ಸಲ ಟೈಪ್ ಮಾಡು ಅಂತ ಕಮ್ಮಾರನಿಗೆ ಹೇಳಿ, ಕೈಕಟ್ಟಿ ಕಾಯುತ್ತ ಕೂತಳು. ಅವನು ಹತ್ತು ಸಲವೂ ಮಾಡಿದ.