ಮುಚ್ಚಳ ಕೂರದ ಕಂಪ್ಯೂಟರ್

೧

ಎಲ್ಲಿಂದ ಶುರು ಮಾಡಲಿ? ಪ್ರೀತಿಯಿಂದ ಎಂದರೆ ನೀವು ಪುಟ ತಿರುಗಿಸುತ್ತೀರಿ. ಪ್ರೊಸೆಸರ್‌ನಿಂದ ಎಂದರೆ ಪುಸ್ತಕವನ್ನೇ ಮುಚ್ಚುತ್ತೀರಿ. ಹಾಗಾಗಿ ಮಳೆಗೆ ಮೊರೆ ಹೋದೆ: ‘ಇಗತಪುರಿಯ ಘಾಟಿನಲ್ಲಿ ಮಳೆ ಧೋ ಎಂದು ಸುರಿಯುತ್ತಿತ್ತು. ರೈಲಿನ ಕಿಟಕಿಗೆ ಹಣೆ ಆನಿಸಿ ಅಶ್ವಿನಿ...’

“ನಿಲ್ಲಸ್ರಿ,” ಎಂದಳು ಅಶ್ವಿನಿ. “ನಾ ನಾಶಿಕದಿಂದ ಸಂಭಾಜಿನಗರಕ್ಕ ಹೋದಾಕಿ. ಇಗತಪುರಿ ಉಲ್ಟಾ ದಿಕ್ಕಿಗಿ ಅದ. ಮತ್ತ ನಾ ಹೋಗಿದ್ದು ಎಸ್‌ಟಿ ಬಸ್ಸಿನಾಗ.”

(ನಾಯಕಿಗೆ ಭೂಗೋಳ ಗೊತ್ತಿದ್ದರೆ ಲೇಖಕನ ಗತಿ ಇಷ್ಟೇ.) ಡ್ರಾಫ್ಟ್ ಡಿಲೀಟ್.

೨

ಸರಿ, ನೇರವಾಗಿ ಹೇಳುತ್ತೇನೆ. ಅಶ್ವಿನಿಗೆ ನಲವತ್ತು ದಾಟಿದೆ. ಮನೆಯವರು ಬೀದರ್ ಕಡೆಯವರು. ಅಪ್ಪ ಲಾಸಲಗಾಂವ್‌ನಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ತಾಯಿ ಈರಮ್ಮನೊಂದಿಗೆ ನಾಶಿಕಕ್ಕೆ ಬಂದು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಹಿಡಿದಳು. ತಮ್ಮನನ್ನು ಓದಿಸಿದಳು, ತಂಗಿಯ ಮದುವೆ ಮಾಡಿದಳು. ತನ್ನದು ಹಾಗೇ ಉಳಿಯಿತು.

ಲ್ಯಾಬಿನ ಟ್ರೇನಿಂಗ್‌ಗೆಂದು ಸಂಭಾಜಿನಗರಕ್ಕೆ ಹೋದಾಗ ಮಧ್ಯಾಹ್ನ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದ ಎದುರಿನ ಮೇಜಿಗೇ ಊಟಕ್ಕೆ ಕೂತಳು. ಗಲ್ಲಾದ ಮೇಲೆ ಗಣಪತಿಯ ಪಕ್ಕ ಊಟದ ಡಬ್ಬಿಯಷ್ಟು ಚಿಕ್ಕ ಪೆಟ್ಟಿಗೆಯೊಂದು ಮೆಲ್ಲಗೆ ಗುಂಯ್‌ಗುಡುತ್ತಿತ್ತು.

“ಇದು ಕಂಪ್ಯೂಟರಾ?” ಎಂದು ಅವಳು ಮರಾಠಿಯಲ್ಲಿ ಕೇಳಿದಳು. ಗಲ್ಲಾದಲ್ಲಿದ್ದವನು ಅವಳ ಫೋನಿನ ಮೇಲಿದ್ದ ಕನ್ನಡ ಅಕ್ಷರ ನೋಡಿ, “ಹೌದು, ನಾನೇ ಜೋಡಿಸಿದ್ದು,” ಎಂದ, ಕನ್ನಡದಲ್ಲಿ.

ಅವನು ಅಕ್ಷಯ. ಕುಂದಾಪುರದ ಕಡೆಯವನು, ಅವಳದೇ ವಯಸ್ಸು, ಒಂಟಿ. ಹೋಟೆಲು ಅಣ್ಣನದು, ನಡೆಸುವುದು ಇವನು.

“ನನಗೂ ಇಂಥಾದು ಬೇಕ್ರಿ. ಮನ್ಯಾಗ ಹೊಲಿಗಿ ಮಶೀನ್ ಬಾಜೂಕ ಇಷ್ಟ ಜಾಗಾ ಅದ.”

“ಆಯ್ತು. ಆದ್ರೆ ಮೊದ್ಲು ಹೇಳಿ, ನಿಮಗೆ ಇದ್ರಲ್ಲಿ ಎಂತ ಮಾಡ್ಲಿಕ್ಕುಂಟು?”

ಕಂಪ್ಯೂಟರ್ ಜೋಡಿಸುವವರು ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಆದರೆ ಅಶ್ವಿನಿಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮನೆಗೆ ಏನು ಬೇಕು, ಲ್ಯಾಬಿಗೆ ಏನು ಬೇಕು ಎಂದು ಅವಳನ್ನು ಕೇಳದ ದಿನವಿಲ್ಲ. ಅವಳಿಗೇ ಏನು ಬೇಕೆಂದು ಯಾರು ಕೇಳಿದ್ದರು?

“ಚಿತ್ರ ಬರೀತೀನ್ರಿ. ಲಾಸಲಗಾಂವ್ ಬಜಾರದು. ಉಳ್ಳಾಗಡ್ಡಿ ಟ್ರ್ಯಾಕ್ಟರು, ಎತ್ತು, ಹಮಾಲರು,” ಎಂದಳು ತಗ್ಗಿದ ದನಿಯಲ್ಲಿ. “ಅವು ಓಡಾಡಬೇಕು.”

೩

ಆಮೇಲೆ ಫೋನುಗಳು. ಊಟದ ಗದ್ದಲ ಮುಗಿದು ಚಹಾದ ಗದ್ದಲ ಶುರುವಾಗುವ ನಡುವಿನ ಹೊತ್ತು ಅವನದು. ಲ್ಯಾಬಿನ ತಾರಸಿ ಅವಳದು. ಚಿತ್ರ ಓಡಿಸಲು ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ, ಅದಕ್ಕೆ ಡಬ್ಬಿಯಲ್ಲೂ ಜಾಗವಿಲ್ಲ, ಬಜೆಟ್ಟಿನಲ್ಲೂ ಇಲ್ಲ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಸಾಕು ಎಂದ. ರ‍್ಯಾಮ್ ಮಾತ್ರ ಧಾರಾಳವಾಗಿರಲಿ, ಹಳೆಯದಾದರೂ ಪರವಾಗಿಲ್ಲ. ಮದರ್‌ಬೋರ್ಡು ಅಂಗೈ ಅಗಲದ್ದು. ಒಂದೊಂದು ಪಾರ್ಟು ಮನೆಗೆ ಬಂದಾಗಲೂ ಅವಳಿಗೆ ಖುಷಿ, ಹಿಂದೆಯೇ ಸಣ್ಣ ದಿಗಿಲು: ಕೇಳಲು ಇನ್ನೊಂದು ವಿಷಯ ಕಡಿಮೆಯಾಯಿತಲ್ಲ!

“ಇಷ್ಟ್ ಸಣ್ಣ ಡಬ್ಬಿಯಾಗ ಏನ್ ಹಿಡಿತದ?” ಎಂದಳು ಈರಮ್ಮ.

(ಇಲ್ಲೊಂದು ಒಳ್ಳೆಯ ಉಪಮೆಗೆ ಜಾಗವಿತ್ತು. ಅಶ್ವಿನಿ ದುರುಗುಟ್ಟಿ ನೋಡಿದಳು. ಬಿಟ್ಟೆ.)

ಕೊನೆಗೆ ಉಳಿದದ್ದು ಪ್ರೊಸೆಸರ್ ತಣ್ಣಗಿಡುವ ಕೂಲರ್. “ಗಿಡ್ಡದ್ದೇ ತಗೊಳ್ಳಿ, ಎತ್ತರದ್ದು ಹಾಕಿದ್ರೆ ಮುಚ್ಚಳ ಕೂರುದಿಲ್ಲ,” ಎಂದು ಅಕ್ಷಯ ಎರಡೆರಡು ಸಲ ಹೇಳಿದ. ಅವಳು ಎತ್ತರದ್ದು ತರಿಸಿದಳು. ಮುಚ್ಚಳ ಕೂರಲಿಲ್ಲ. ಎಲ್ಲವನ್ನೂ ಬ್ಯಾಗಿಗೆ ಹಾಕಿಕೊಂಡು ಸಂಭಾಜಿನಗರದ ಬಸ್ಸು ಹತ್ತಿದಳು.

೪

ಹೋಟೆಲಿನ ಬಾಗಿಲಲ್ಲಿ ಹೊಸ ಬೋರ್ಡು: ‘ಜಾಗ ಬಾಡಿಗೆಗೆ ಇದೆ.’

“ಅಣ್ಣ ಸೂರತ್ತಿನಲ್ಲಿ ದೊಡ್ಡ ಹೋಟೆಲ್ ಹಾಕ್ತಾನಂತೆ. ನನ್ನನ್ನೂ ಕರೀತಿದ್ದಾನೆ,” ಎಂದ ಅಕ್ಷಯ, ಅವಳತ್ತ ನೋಡದೆ. ಬ್ಯಾಗು ಬಿಚ್ಚಿ ಕೂಲರ್ ನೋಡಿದ. “ಇದು ಎತ್ತರ ಆಗ್ತದೆ ಅಂತ ನಾನು ಹೇಳಿದ್ದೆ ಅಲ್ವಾ?”

“ಹೇಳಿದ್ರಿ,” ಎಂದಳು ಅಶ್ವಿನಿ. “ಅದಕ್ಕೇ ತಗೊಂಡೀನಿ.”

ಅವನು ಈಗ ಅವಳತ್ತ ನೋಡಿದ. ಸ್ಕ್ರೂಡ್ರೈವರ್ ಹಿಡಿದು ಎದ್ದು ಗಲ್ಲಾದ ಮೇಲಿದ್ದ ತನ್ನ ಡಬ್ಬಿಯನ್ನು ಆರಿಸಿ, ಬಿಚ್ಚಿ, ಅದರ ಗಿಡ್ಡ ಕೂಲರನ್ನು ತೆಗೆದು ಅವಳದಕ್ಕೆ ಕೂರಿಸಿದ. ಅವಳ ಎತ್ತರದ್ದನ್ನು ತನ್ನದಕ್ಕೆ ಹಾಕಿಕೊಂಡ. ಬಿಲ್ಲಿನ ಮಶೀನೇ ನಿಂತಿತೆಂದು ಗಿರಾಕಿಗಳು ಬೈದರು. ಅವಳ ಮುಚ್ಚಳ ಕೂತಿತು. ಅವನದು ತೆರೆದೇ ಉಳಿಯಿತು.

“ನಿಮ್ದು ಮುಗೀತು,” ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ಅವಳು ತೊಡೆಯ ಮೇಲಿಂದ ಇಳಿಸಲಿಲ್ಲ. ಮನೆಯಲ್ಲಿ ಎತ್ತುಗಳು ಪರದೆಯ ಮೇಲೆ ನಡೆದವು, ಹಮಾಲರು ಚೀಲ ಎತ್ತಿದರು. ಮಧ್ಯಾಹ್ನಗಳಲ್ಲಿ ಮಾತ್ರ ಅವಳು ತಾರಸಿಗೆ ಹೋಗಿ, ಫೋನು ಹಿಡಿದು, ಹಾಗೇ ಇಳಿದು ಬರುತ್ತಿದ್ದಳು. ಕೇಳಲು ಯಾವ ಪಾರ್ಟೂ ಉಳಿದಿರಲಿಲ್ಲ. ಅತ್ತ ಕಡೆಯಿಂದಲೂ ಫೋನಿಲ್ಲ.

೫

ನಾನು ಮುಕ್ತಾಯಗಳನ್ನು ಜೋಡಿಸಿಟ್ಟೆ. ಮೊದಲನೆಯದು: ಮದುವೆ, ಬಾಳೆಲೆ, ಬೀದರ್‌ ಹೋಳಿಗೆಯ ಪಕ್ಕ ಕುಂದಾಪುರದ ಪಾಯಸ.

“ಅವ್ರು ಒಂದ್ ಮಾತೂ ಆಡಿಲ್ಲ. ನೀವಾಗಲೇ ಎಲಿ ಹಾಕಿದ್ರಿ!”

ಇನ್ನೊಂದು: ಅವನು ಸೂರತ್ತಿಗೆ ಹೋಗುತ್ತಾನೆ, ಅವಳ ಚಿತ್ರಕ್ಕೆ ಎಲ್ಲೋ ಬಹುಮಾನ ಬರುತ್ತದೆ, ವೇದಿಕೆಯ ಮೇಲೆ ಅವಳ ಕಣ್ಣು...

“ನನ್ನ ಅಳಸೂದಂದ್ರ ನಿಮಗ ಭಾಳ ಸೇರ್ತದಲ್ಲ?”

ಎರಡೂ ಡಿಲೀಟ್. ನಡೆದದ್ದು ಇಷ್ಟು. ಹೋಟೆಲಿಗೆ ರಜೆಯಿದ್ದ ಒಂದು ಸೋಮವಾರ ಸಂಜೆ ಅಕ್ಷಯ ನಾಶಿಕದ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಏನೂ ಇರಲಿಲ್ಲ.

“ಮಶೀನ್ ಬಿಸಿ ಆಗ್ತದಾ?”

“ಇಲ್ರಿ.”

“ಸೌಂಡು?”

“ಅದೂ ಇಲ್ಲ.”

ಅವನು ಪ್ಯಾಂಟಿಗೆ ಅಂಗೈ ಒರೆಸಿಕೊಂಡ. “ಅಣ್ಣನಿಗೆ ನಾನು ಇನ್ನೂ ಹೂಂ ಅಂತ ಹೇಳ್ಲಿಲ್ಲ,” ಎಂದ.

ಅಶ್ವಿನಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ನಾನೂ ಹೊಸ್ತಿಲ ಮೇಲೆ ಕಾಲಿಟ್ಟೆ.

“ನೀವಲ್ರಿ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ಯಾರು ಬಂದದ್ದೆಂದು ಅಡುಗೆಮನೆಯಿಂದ ಈರಮ್ಮ ಕೇಳಿದ್ದು ಹೊರಗಿದ್ದ ನನಗೂ ಕೇಳಿಸಿತು. ಅಶ್ವಿನಿ ಏನೋ ಅಂದಳು. ಏನೆಂದು ಮಾತ್ರ ಕೇಳಬೇಡಿ. ಅಷ್ಟರಲ್ಲಿ ಕುಕ್ಕರ್ ಕೂಗಿತು.