ಏಳನೇ ಅಧ್ಯಾಯದ ಓದುಗ

ಚರ್ಚಿನ ಹಿಂಬದಿಯಲ್ಲಿರುವ ನಮ್ಮ ಪ್ರಕಾಶನದಲ್ಲಿ ಒಂದು ರೂಢಿಯಿದೆ. ಪ್ರತಿ ಪುಸ್ತಕದೊಳಗೂ ಒಂದು ಖಾಲಿ ಕಾರ್ಡು ಇಡುತ್ತೇವೆ. ಓದಿದವರು ಅದರಲ್ಲಿ ತಮ್ಮ ಅಭಿಪ್ರಾಯ ಬರೆದು, ಹೆಸರು ಹಾಕದೆ, ಚರ್ಚಿನ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕುತ್ತಾರೆ. ಎರಡನೇ ಮುದ್ರಣದ ಕೊನೆಯ ಪುಟದಲ್ಲಿ ಅವುಗಳಲ್ಲಿ ಕೆಲವನ್ನು ಅಚ್ಚು ಹಾಕುತ್ತೇವೆ. ಕರಡು ತಿದ್ದುವವನು ನಾನಾದ್ದರಿಂದ ಆರಿಸುವ ಕೆಲಸವೂ ನನ್ನದೇ.

ಈ ಸಲದ ಪುಸ್ತಕ ಸಲಿಂಗಪ್ರೇಮಿ ಮಕ್ಕಳಿರುವ ತಂದೆತಾಯಿಗೆ ಹೇಳಿದ ಬುದ್ಧಿಮಾತು. ವರ್ಷ ತುಂಬುವ ಮೊದಲೇ ಪ್ರತಿಗಳೆಲ್ಲ ಮುಗಿದಿದ್ದವು.

"ಎಂಟು ಹೊಗಳಿಕೆ, ಒಂದು ತೆಗಳಿಕೆ ಆರಿಸು," ಎಂದು ಮ್ಯಾನೇಜರು ಕಾರ್ಡಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. "ಬರೀ ಹೊಗಳಿಕೆ ಹಾಕಿದ್ರೆ ನಾವೇ ಬರ್ಕೊಂಡಿದ್ದು ಅಂತಾರೆ."

"ದೃಷ್ಟಿಬೊಟ್ಟು ಇಟ್ಟ ಹಾಗೆ," ಎಂದರು ಪುಟ ಜೋಡಿಸುವ ಅಕ್ಕ. ಅವರನ್ನು ನಾವೆಲ್ಲ ಪಟಾಕಿ ಅಕ್ಕ ಅನ್ನುತ್ತೇವೆ. ಮ್ಯಾನೇಜರು ಅತ್ತ ಹೋದದ್ದೇ ತಡ, ಕುರ್ಚಿ ಎಳೆದುಕೊಂಡು ಬಂದು ಕಾರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದರು.

"'ಈ ಪುಸ್ತಕ ನಮ್ಮ ಮನೆ ಉಳಿಸಿತು.' ಸರಿ. 'ತೀರಾ ಮೆತ್ತಗೆ ಬರೆದಿದ್ದಾರೆ, ಪಾಪವನ್ನು ಪಾಪ ಎನ್ನಲು ಯಾರ ಹೆದರಿಕೆ?' ಅಬ್ಬಾ, ಇವರ ಮನೇಲಿ ಮಕ್ಕಳು ಉಸಿರಾಡ್ತಾವೋ ಇಲ್ವೋ. 'ಇದನ್ನು ಓದಿ ನನ್ನ ಮಗಳು ಮನೆ ಬಿಟ್ಟಳು. ಯೇಸು ಯಾರನ್ನೂ ಊಟದ ಮುಂದಿನಿಂದ ಎಬ್ಬಿಸಲಿಲ್ಲ.'" ಅಕ್ಕ ಆ ಕಾರ್ಡನ್ನು ಬೇರೆಯಾಗಿ ಇಟ್ಟರು. ಆಮೇಲೆ ಇನ್ನೊಂದನ್ನು ಎತ್ತಿಕೊಂಡರು. "'ನಮ್ಮ ಅತ್ತೆಗೆ ಕೊಟ್ಟೆ, ಅದರಿಂದ ಹಾಲಿನ ಪಾತ್ರೆ ಮುಚ್ಚಿದ್ದಾರೆ.' ಇವಳು ನೋಡು ನಿಜವಾದ ವಿಮರ್ಶಕಿ! ಅಲ್ಲ ಕಣೋ, ಎಲ್ಲರೂ ಓದಿದ್ದು ಒಂದೇ ಪುಸ್ತಕಾನಾ?"

ನಾನು ನಕ್ಕೆ. ನಗುತ್ತಲೇ ಮುಂದಿನ ಕಾರ್ಡು ಕೈಗೆತ್ತಿಕೊಂಡೆ.

ಸಾಸಿವೆ ಚೆಲ್ಲಿದಷ್ಟು ಸಣ್ಣ ಅಕ್ಷರ. ರಿಪೇರಿಗೆ ಬಂದ ಗಡಿಯಾರಗಳಿಗೆ ಕಟ್ಟುವ ಉಗುರಗಲದ ಚೀಟಿಯ ಮೇಲೆ ಬರೆದು ಬರೆದು ರೂಢಿಯಾದ ಅಕ್ಷರ. ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ನನ್ನ ಹೆಸರು ಬರೆದಿದ್ದು ಇದೇ ಕೈ, ಅಪ್ಪನ ಕೈ.

"ಏಳನೇ ಅಧ್ಯಾಯ ಹೇಳಿದಂತೆ ನಲವತ್ತು ದಿನ ಮಗನೊಡನೆ ಮಾತಾಡಲಿಲ್ಲ. ಮೂವತ್ತೊಂದನೇ ದಿನ ಅವನು ನನ್ನನ್ನು ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದ. ನಾಲ್ಕನೇ ಅಧ್ಯಾಯದ ಪ್ರಕಾರ ತಪ್ಪೆಲ್ಲ ತಂದೆಯದು. ಆದರೆ ನನ್ನ ಬಳಿ ಇರುವ ಹಾಳೆಯ ಅಂಚಿನಲ್ಲಿ ಹಾಗಲ್ಲ ಎಂದು ಬರೆದಿದೆ. ನಾನು ಪುಸ್ತಕವನ್ನು ನಂಬಬೇಕೋ ಅಂಚನ್ನೋ, ದಯವಿಟ್ಟು ತಿಳಿಸಿ."

ಮತ್ತೆ ಓದಿದೆ. ಅಕ್ಷರಗಳು ಅಲ್ಲೇ ಇದ್ದವು, ಅರ್ಥ ಮಾತ್ರ ಒಳಗಿಳಿಯಲೊಲ್ಲದು.

"ಯಾಕೋ, ಮುಖಕ್ಕೆ ಸುಣ್ಣ ಬಳಿದ ಹಾಗಾಯ್ತು? ಏನದು, ಹೊಗಳಿಕೆಯಾ ತೆಗಳಿಕೆಯಾ?"

"ಪ್ರಶ್ನೆ ಅಕ್ಕಾ," ಎಂದೆ.

ಒಂದೊಂದಾಗಿ ನೆನಪಾಯಿತು. ಕಳೆದ ವರ್ಷ ಈ ಪುಸ್ತಕದ ಕರಡು ತಿದ್ದುವಾಗ ನಾಲ್ಕನೇ ಅಧ್ಯಾಯದಲ್ಲಿ ಒಂದು ವಾಕ್ಯ ಬಂದಿತ್ತು: ಇಂಥ ಮಕ್ಕಳು ತಂದೆಯ ಪ್ರೀತಿ ಕಾಣದೆ ಬೆಳೆದವರು. ನನ್ನ ಮನಸ್ಸು ಹೋಗುವುದು ಗಂಡಸರ ಕಡೆಗೇ. ಅದನ್ನು ಯಾರಿಗೂ ಹೇಳಿರಲಿಲ್ಲ, ದೇವರಿಗೂ ಸುತ್ತಿಬಳಸಿಯೇ ಹೇಳಿದ್ದೆ. ಅವತ್ತು ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ "ನಮ್ಮಪ್ಪ ಹಾಗಿರಲಿಲ್ಲ" ಎಂದು ಬರೆದೆ. ಅಳಿಸಬೇಕು ಅಂದುಕೊಂಡೆ. ಅಷ್ಟರಲ್ಲಿ ಯಾರೋ ಕರೆದರು.

ತಿದ್ದಿ ಮುಗಿದ ಹಾಳೆಗಳು ರದ್ದಿಗೆ ಹೋಗುತ್ತವೆ. ಅದರಲ್ಲಿ ಒಂದು ಕಟ್ಟನ್ನು ಪ್ರತಿ ವಾರ ನಾನೇ ಅಪ್ಪನ ಅಂಗಡಿಗೆ ಒಯ್ಯುತ್ತೇನೆ. ಹಾಳೆಯ ಖಾಲಿ ಬದಿಯನ್ನು ಮೇಲೆ ಮಾಡಿ ಹಾಸಿ, ಅವರು ಗಡಿಯಾರದ ಸ್ಕ್ರೂಗಳನ್ನು ಅದರ ಮೇಲೆ ಬಿಡಿಸಿಡುತ್ತಾರೆ. ಬಿಳಿ ಕಾಗದದ ಮೇಲೆ ಸ್ಕ್ರೂ ಕಳೆಯುವುದಿಲ್ಲ. ನಾನು ಬಚ್ಚಿಟ್ಟದ್ದನ್ನು ನನ್ನ ಕೈಯಾರೆ ಅವರ ಮೇಜಿಗೆ ಮುಟ್ಟಿಸಿದ್ದೆ. ಅದನ್ನು ಓದಿಯೇ ಅವರು ಪುಸ್ತಕ ಕೊಂಡಿರಬೇಕು.

ಇನ್ನೂ ಒಂದಿತ್ತು. ಏಳನೇ ಅಧ್ಯಾಯದ ಆ ಸಲಹೆ ಮೂಲದಲ್ಲಿ ಐದು ಸಾಲಿನ ಗೊಂದಲವಾಗಿತ್ತು. ಅದನ್ನು ಒಂದೇ ಸಾಲಿಗೆ ತಂದವನು ನಾನು: "ನಲವತ್ತು ದಿನ ಮಾತು ನಿಲ್ಲಿಸಿ, ಮೌನವೇ ಅವನನ್ನು ಕರಗಿಸಲಿ." ಪಟಾಕಿ ಅಕ್ಕ ಕೂಡ ಮೆಚ್ಚಿದ್ದರು. ಅಪ್ಪ ಪಾಲಿಸಿದ್ದು ನಾನು ಹರಿತ ಮಾಡಿಕೊಟ್ಟ ವಾಕ್ಯವನ್ನು. ಆ ಮೌನಕ್ಕೆ ನಾನು ಕಿವುಡು ಎಂದು ಹೆಸರಿಟ್ಟು, ಅವರನ್ನು ಪರೀಕ್ಷೆಗೆ ಕೂರಿಸಿದ್ದೆ. ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದಾಗ ಅಪ್ಪ ನೆಲ ನೋಡುತ್ತಿದ್ದರು.

ಕಾರ್ಡು ಜೇಬಿಗಿಟ್ಟುಕೊಂಡು ಎದ್ದೆ. ಅಂಗಡಿ ಎರಡು ಬೀದಿ ಆಚೆ. ನಾನು ಹೋದಾಗ ಅಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆಯೊಳಗೆ ಬಗ್ಗಿದ್ದರು. ತಲೆ ಎತ್ತಲಿಲ್ಲ. ಕಾರ್ಡನ್ನು ಅವರ ಮುಂದಿನ ಬಿಳಿ ಹಾಳೆಯ ಮೇಲೆ ಇಟ್ಟೆ. ಚಿಮಟ ಹಿಡಿದ ಕೈ ನಿಂತಿತು.

"ಹೆಸರು ಹಾಕಿರ್ಲಿಲ್ಲ," ಎಂದರು.

ಎಷ್ಟೋ ದಿನಗಳ ಮೇಲೆ ಕೇಳಿದ ಮೊದಲ ಪೂರ್ತಿ ಮಾತು.

"ನಿಮ್ಮ ಅಕ್ಷರಕ್ಕೆ ಹೆಸರು ಯಾಕಪ್ಪಾ? ಪೆಟ್ಟಿಗೆ ತೆಗೆಯೋನು ನಾನೇ ಅಂತ ಗೊತ್ತಿರ್ಲಿಲ್ವಾ?"

"ದೊಡ್ಡೋರು ಯಾರಾದ್ರೂ ಓದ್ತಾರೆ ಅಂದ್ಕೊಂಡಿದ್ದೆ." ಮಸೂರ ತೆಗೆದರು. ಕಣ್ಣಿನ ಸುತ್ತ ಕೆಂಪಗೆ ಉಂಗುರ ಮೂಡಿತ್ತು. ಮೇಜಿನ ಖಾನೆಯಿಂದ ನಾಲ್ಕು ಮಡಿಕೆ ಮಾಡಿದ ಹಾಳೆಯನ್ನು ಹೊರತೆಗೆದು ಕಾರ್ಡಿನ ಪಕ್ಕಕ್ಕಿಟ್ಟರು. ಯಾವ ಹಾಳೆಯೆಂದು ತಿಳಿಯಲು ಬಿಡಿಸಬೇಕಾಗಿರಲಿಲ್ಲ.

"ನಲವತ್ತು ದಿನ ಮುಗಿದು ಎರಡು ತಿಂಗಳಾಯ್ತಲ್ಲಪ್ಪಾ," ಎಂದೆ. "ಆಮೇಲೂ ಯಾಕೆ ಮಾತಾಡ್ಲಿಲ್ಲ?"

"ಹೇಗೆ ಮತ್ತೆ ಶುರು ಮಾಡ್ಬೇಕು ಅಂತ ಅದರಲ್ಲಿ ಬರ್ದಿಲ್ಲ ಕಣೋ. ಎಂಟನೇ ಅಧ್ಯಾಯಾನೂ ನೋಡ್ದೆ." ಮಸೂರವನ್ನು ಅಂಗಿಯ ತುದಿಯಲ್ಲಿ ಒರೆಸಿದರು. "ದಿನಾ ಪ್ರಾರ್ಥನೆಗೆ ಕೂರ್ತೀನಿ. ಏನು ಕೇಳ್ಬೇಕು ಅಂತಾನೇ ತೋಚಲ್ಲ. ನಿನ್ನನ್ನ ಬದಲಾಯಿಸು ಅಂತ ಕೇಳಿದ್ರೆ, ದೇವರು ಬೇರೆ ಯಾರನ್ನ ತಂದುಕೊಡ್ತಾನೋ ಅಂತ ಭಯ ಆಗುತ್ತೆ."

ಗೋಡೆಯ ಮೇಲಿನ ಗಡಿಯಾರಗಳು ಒಂದೊಂದು ಹೊತ್ತು ತೋರಿಸುತ್ತಿದ್ದವು. ಉತ್ತರ ಕೊಡಬೇಕಾದವನು ನಾನು.

"ಅಂಚನ್ನ ನಂಬಿ, ಅಪ್ಪಾ."

ಅಪ್ಪ ಮಡಿಸಿದ ಹಾಳೆಯನ್ನು ಎತ್ತಿ ಖಾನೆಗೆ ಸೇರಿಸಲು ಹೋದವರು, ಯಾಕೋ ನಿಲ್ಲಿಸಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

"ಈ ಕಾರ್ಡು ಏನು ಮಾಡ್ತೀಯ?"

"ನೀವು ಹೂಂ ಅಂದ್ರೆ ಕೊನೇ ಪುಟಕ್ಕೆ ಹಾಕ್ತೀನಿ. ಏಳನೇ ಅಧ್ಯಾಯದ ಆ ಸಾಲನ್ನ ತೆಗೀರಿ ಅಂತ ಮ್ಯಾನೇಜರಿಗೂ ಹೇಳ್ತೀನಿ. ಬೈತಾರೆ."

"ಬೈಲಿ." ಕಾರ್ಡನ್ನು ನನ್ನತ್ತ ಸರಿಸಿ, ಮತ್ತೆ ಮಸೂರ ಸಿಕ್ಕಿಸಿಕೊಂಡರು. "ಹಾಕು. ಆದ್ರೆ ಕೊನೇ ಸಾಲು ಹೊಡೆದುಹಾಕು."

"ಯಾಕೆ?"

"ಅದಕ್ಕೆ ಉತ್ತರ ಬಂತಲ್ಲ," ಎಂದರು. ಚಿಮಟದಲ್ಲಿ ಹಿಡಿದ ಸ್ಕ್ರೂ ಎರಡು ಸಲ ಜಾರಿ ಬಿಳಿ ಹಾಳೆಯ ಮೇಲೆ ಬಿತ್ತು.