ಕೆಳಗಿನ ಪದರ

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕಲಿಸುತ್ತಿದ್ದ ಅವನಿಗೆ ‘ಪದರ ಪಂಡಿತ’ ಎಂದು ಹೆಸರು ಬಿದ್ದಿತ್ತು. ಹುಡುಗರು ಬೆನ್ನ ಹಿಂದೆ ಆಡಿಕೊಂಡು ಇಟ್ಟ ಹೆಸರು. ಈ ಮಹಾನುಭಾವ ಅದನ್ನು ಬಿರುದು ಅಂದುಕೊಂಡು ಎದೆಯುಬ್ಬಿಸಿಕೊಂಡು ಓಡಾಡಿದ. ಒಂದಕ್ಕೊಂದು ಬೆರೆಯದ ಎರಡು ದ್ರವಗಳನ್ನು ತಳದಲ್ಲಿ ತಿರುಪಿರುವ ಗಾಜಿನ ಫನಲಿನಲ್ಲಿ ಕುಲುಕಿ, ಒಂದರಲ್ಲಿ ಕರಗಿದ್ದನ್ನು ಇನ್ನೊಂದಕ್ಕೆ ಎಳೆದುಕೊಳ್ಳುವುದೇ ಅವನ ಕಸುಬು. ಮನೆಯಲ್ಲಿ ಹಾಲಿನ ಕೆನೆ ಕಂಡರೂ ಹೆಂಡತಿಗೆ ಉಪನ್ಯಾಸ ತಪ್ಪುತ್ತಿರಲಿಲ್ಲ.

ಅವನ ತಂಗಿ ಅದೇ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒಂದು ಮರದ ತೊಗಟೆಯ ಕಹಿ ಸತ್ವವನ್ನು ಬೇರ್ಪಡಿಸಿ ತೋರಿಸಿದರೆ ಅವಳಿಗೆ ಡಾಕ್ಟರೇಟ್, ಇಲ್ಲದಿದ್ದರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಆ ಮರವೂ ಈಗ ಇಲ್ಲ, ರಸ್ತೆ ಅಗಲ ಮಾಡುವವರು ಕಡಿದುಹಾಕಿದ್ದರು. ಉಳಿದದ್ದು ಕುದಿಸಿ ಸೋಸಿಟ್ಟ ಕಷಾಯ ಮಾತ್ರ. ಅಂಥ ಹೊತ್ತಲ್ಲೇ ಅವಳ ಮಣಿಕಟ್ಟು ಉಳುಕಬೇಕೆ? ಫನಲ್ ಕುಲುಕಲು ಎರಡು ಗಟ್ಟಿ ಕೈ ಬೇಕು.

“ಅಣ್ಣ, ನೀನು ಮಾಡಿಕೊಡು. ಈಥರ್ ಮುಗಿದಿದೆ, ಕ್ಲೋರೋಫಾರ್ಮ್ ಹಾಕು,” ಎಂದಳು.

“ನನಗೇ ಹೇಳಿಕೊಡ್ತೀಯೇನೆ?” ಎಂದ ಪಂಡಿತ.

ಹೇಳಿಕೊಡಬೇಕಿತ್ತು. ಈಥರ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಕೆಳಗಿನ ನೀರನ್ನು ಸಿಂಕಿಗೆ ಬಿಟ್ಟು ಮೇಲಿನದನ್ನು ಇಟ್ಟುಕೊಂಡು ಅವನ ಕೈ ಪಳಗಿಹೋಗಿತ್ತು. ಕ್ಲೋರೋಫಾರ್ಮ್ ಭಾರ, ತಳಕ್ಕೆ ಇಳಿಯುತ್ತದೆ. ಮೊದಲ ವರ್ಷದವರಿಗೆ ಇದನ್ನು ಕಲಿಸುವವನೂ ಅವನೇ. ತಲೆಗೆ ಗೊತ್ತಿದ್ದದ್ದನ್ನು ಕೈಗೆ ತಿಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ, ಅಷ್ಟೆ.

ಸಾಲದ್ದಕ್ಕೆ ಸುತ್ತ ಹುಡುಗರು ನೆರೆದಿದ್ದರು. “ಈ ಕಹಿಗೂ ನೀರಿಗೂ ಅಷ್ಟಕ್ಕಷ್ಟೆ. ಒಳ್ಳೆ ದ್ರಾವಕ ಸಿಕ್ಕರೆ ನೀರಿಗೆ ಕೈಕೊಟ್ಟು ಹೊರಟುಬಿಡುತ್ತೆ,” ಎಂದ. ಹುಡುಗರು ನಕ್ಕರು. ಅವನು ಇನ್ನಷ್ಟು ಉಬ್ಬಿದ. ಕಷಾಯಕ್ಕೆ ಕ್ಲೋರೋಫಾರ್ಮ್ ಸುರಿದು ಜೋರಾಗಿ ಕುಲುಕಿದ, ಒಳಗಿನ ಗಾಳಿ ಬಿಟ್ಟ, ಸ್ಟ್ಯಾಂಡಿಗೆ ಸಿಕ್ಕಿಸಿದ. ಎರಡು ಪದರಗಳ ನಡುವಿನ ಗೆರೆ ಸ್ಪಷ್ಟವಾಯಿತು. ಮಾತಾಡುತ್ತಲೇ ತಿರುಪು ತೆಗೆದು ಕೆಳಗಿನದನ್ನೆಲ್ಲ ಸಿಂಕಿಗೆ ಬಿಟ್ಟ. ಮೇಲಿಂದ ನಲ್ಲಿಯನ್ನೂ ತಿರುಗಿಸಿದ, ಶುಚಿಯ ಮನುಷ್ಯ ನೋಡಿ.

ಹುಡುಗರು ಹೋದ ಮೇಲೆ ಸಿಂಕಿನಿಂದ ಮೂಗಿಗೆ ಸಿಹಿ ಘಾಟು ಬಡಿಯಿತು. ನೀರಿಗೆ ವಾಸನೆ ಇರುವುದಿಲ್ಲವಲ್ಲ ಅಂದುಕೊಂಡ. ಹುಡುಗರಿಗೆ ಬೈದು ಬಿಡಿಸಿದ್ದ ಅಭ್ಯಾಸವನ್ನು ತಾನೇ ಮಾಡಿದ: ಫನಲಿನಲ್ಲಿ ಉಳಿದದ್ದನ್ನು ನಾಲಿಗೆಯ ತುದಿಗೆ ಸೋಕಿಸಿದ. ಕಹಿಯ ಸುಳಿವೇ ಇಲ್ಲ. ಕೆಲಸ ಮಾತ್ರ ಅಚ್ಚುಕಟ್ಟು, ತಂಗಿಯ ಕಹಿಯನ್ನೆಲ್ಲ ಎಳೆದು ಚರಂಡಿಗೆ ಕಳಿಸಿದ್ದ.

ಭಾರದ ದ್ರವ ಕೊಳವೆಯ ಬಾಗಿನಲ್ಲಿ ನಿಂತಿರಬಹುದೇನೋ ಎಂಬ ಆಸೆಯಿಂದ ಸಿಂಕಿನ ಕೆಳಗೆ ನುಸುಳಿ ಕೊಳವೆ ಬಿಚ್ಚಿದ. ಇಡೀ ವಿಭಾಗ ಈವರೆಗೆ ತೊಳೆದ ಕೊಳೆಯೆಲ್ಲ ಅಂಗಿಯ ಮೇಲೆ ಇಳಿಯಿತು. ಅಷ್ಟರಲ್ಲಿ ತಂಗಿಯ ಚಪ್ಪಲಿ ಕಾಣಿಸಿತು.

“ಅಣ್ಣ, ಅಲ್ಲೇನು ಮಾಡ್ತಿದ್ದೀಯ?”

ಸುಳ್ಳು ಹೇಳೋಣವೆಂದರೆ ಕೊಳವೆ ಕೈಯಲ್ಲಿತ್ತು. “ಕೆಳಗಿನದನ್ನ ಚೆಲ್ಲಿಬಿಟ್ಟೆ ಕಣೆ,” ಎಂದ. ಇವಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ಇವಳ ಬದುಕನ್ನೇ ತೊಳೆದುಹಾಕಿದೆನಲ್ಲ ಎಂದು ನಾಚಿಕೆಯಾಯಿತು, ಭಯವಾಯಿತು.

ಅವಳ ಮುಖ ಬಿಳಿಚಿತು. ಸ್ಟೂಲಿನ ಮೇಲೆ ಕೂತಳು. ಆಮೇಲೆ, “ನಿನಗೆ ಕೊಟ್ಟಿದ್ದು ಅರ್ಧ ಕಷಾಯ ಮಾತ್ರ,” ಎಂದಳು.

ಅವನಿಗೆ ಹೋದ ಜೀವ ಬಂದಂತಾಯಿತು. ಬಂದ ಕೂಡಲೇ ಸಿಟ್ಟೂ ಬಂತು. ಈ ಸ್ಥಿತಿಯಲ್ಲೂ ಸಿಟ್ಟಿಗೇನು ಕಮ್ಮಿ? “ಅಂದ್ರೆ ನನ್ನ ಮೇಲೆ ನಂಬಿಕೆ ಇರಲಿಲ್ಲ.”

“ನಂಬಿಕೆ ಇತ್ತು, ಅದಕ್ಕೇ ಅರ್ಧ ಕೊಟ್ಟೆ. ಬೇರೆಯವರಿಗಾದ್ರೆ ಒಂದು ತೊಟ್ಟೂ ಕೊಡ್ತಿರಲಿಲ್ಲ.”

ಎದ್ದು ಹೋಗಿ ಫ್ರಿಜ್ಜಿನಿಂದ ಇನ್ನೊಂದು ಫ್ಲಾಸ್ಕ್ ತಂದು ಅವನ ಮುಂದಿಟ್ಟಳು. “ಕೈ ತೊಳ್ಕೊಂಡು ಬಾ. ಇದನ್ನೂ ನೀನೇ ಮಾಡಬೇಕು.”

“ನಾನಾ? ಬೇಡ ಕಣೆ. ಬೇರೆ ಯಾರನ್ನಾದ್ರೂ ಕೇಳು.”

“ಯಾರನ್ನ ಕೇಳಲಿ? ಈ ಕಾಲೇಜಲ್ಲಿ ಇವತ್ತು ಕೆಳಗಿನ ಪದರ ಚೆಲ್ಲಲ್ಲ ಅಂತ ಖಾತ್ರಿ ಇರೋದು ನೀನೊಬ್ಬನೇ.”